ಆಕ್ಸಿಯೋಸ್: ಸರ್ವರ್‌ನೊಂದಿಗಿನ ಎಲ್ಲ ವ್ಯವಹಾರಕ್ಕೂ ಒಂದೇ ಬಾಗಿಲು

ವೆಬ್ ಅಪ್ಲಿಕೇಶನ್ ಒಂದನ್ನು ಬ್ಯಾಕೆಂಡ್‌ಗೆ ಜೋಡಿಸಲು ಪ್ರತ್ಯೇಕ ಲೈಬ್ರರಿ ಬೇಕೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಸರ್ವರ್‌ಗೆ ಕೋರಿಕೆ ಕಳುಹಿಸುವ ಫೆಚ್ ಎಂಬ ಸೌಲಭ್ಯ ಇಂದಿನ ಎಲ್ಲ ಬ್ರೌಸರ್‌ಗಳಲ್ಲೂ ಇದೆ. 2022ರಲ್ಲಿ, ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ನೋಡ್‌ನ 18ನೇ ಆವೃತ್ತಿ ಬಂದ ಮೇಲೆ ಸರ್ವರ್ ಬದಿಯಲ್ಲಿಯೂ ಅದು ಸಿಗುತ್ತದೆ. ಹೀಗಿದ್ದರೂ 2014ರಿಂದ ಬಳಕೆಯಲ್ಲಿರುವ ಆಕ್ಸಿಯೋಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ನಾನು ಹತ್ತಾರು ಪುಟಗಳಿರುವ ಅಪ್ಲಿಕೇಶನ್‌ಗಳಲ್ಲಿ ಇಂದಿಗೂ ಆರಿಸಿಕೊಳ್ಳುತ್ತೇನೆ. ಅದಕ್ಕೆ ಮುಖ್ಯ ಕಾರಣ, ಈ ಲೈಬ್ರರಿ ಸರ್ವರ್‌ನ ಸೋಲನ್ನು ಸೋಲು ಎಂದೇ ತಿಳಿಸುತ್ತದೆ.

ಫೆಚ್‌ನ ಲೆಕ್ಕದಲ್ಲಿ ಸರ್ವರ್‌ನಿಂದ ಯಾವುದಾದರೂ ಉತ್ತರ ಬಂದರೆ ಸಾಕು, ಕೆಲಸ ಆಯಿತು. ಆ ಉತ್ತರ 404 (ಕೇಳಿದ್ದು ಸಿಗಲಿಲ್ಲ) ಆಗಿರಲಿ, 500 (ಸರ್ವರ್‌ನಲ್ಲೇ ದೋಷ) ಆಗಿರಲಿ, ಪ್ರಾಮಿಸ್ (ಮುಂದೆ ಬರಲಿರುವ ಉತ್ತರವನ್ನು ಪ್ರತಿನಿಧಿಸುವ ವಸ್ತು) ರಿಜೆಕ್ಟ್ ಆಗುವುದಿಲ್ಲ, ಅಂದರೆ ಸೋಲು ಎಂದು ತಿಳಿಸುವುದಿಲ್ಲ. ಉತ್ತರ ಸರಿಯಿದೆಯೇ ಎಂಬುದನ್ನು ಪ್ರತಿ ಬಾರಿಯೂ ನಾವೇ ನೋಡಿಕೊಳ್ಳಬೇಕು. ನಾನು ಹಿಂದೆ ಬರೆದ ಒಂದು ಫಾರ್ಮ್‌ನಲ್ಲಿ ಆ ಒಂದು ಸಾಲನ್ನು ಮರೆತಿದ್ದರಿಂದ, ಸರ್ವರ್ 500 ಎಂದು ಹೇಳುತ್ತಿದ್ದಾಗಲೂ ಪರದೆಯ ಮೇಲೆ ‘ಉಳಿಸಲಾಗಿದೆ’ ಎಂಬ ಹಸಿರು ಸಂದೇಶ ಮೂಡುತ್ತಿತ್ತು. ಆಕ್ಸಿಯೋಸ್‌ನಲ್ಲಿ 200ರಿಂದ 299ರ ಹೊರಗಿನ ಯಾವ ಸ್ಟೇಟಸ್ ಸಂಖ್ಯೆ ಬಂದರೂ ನಿಯಂತ್ರಣ ನೇರವಾಗಿ ದೋಷವನ್ನು ನಿಭಾಯಿಸುವ ಕ್ಯಾಚ್ ಭಾಗಕ್ಕೆ ಹೋಗುತ್ತದೆ. ಅಲ್ಲಿ ಸಿಗುವ ಎರರ್‌ನಲ್ಲಿ ‘ರೆಸ್ಪಾನ್ಸ್’ ಇದ್ದರೆ ಸರ್ವರ್ ಉತ್ತರಿಸಿದೆ ಎಂದರ್ಥ, ಹಾಗಾಗಿ 422 (ತುಂಬಿದ ಮಾಹಿತಿ ಸರಿಯಿಲ್ಲ) ಬಂದಾಗ ಅದರೊಳಗಿನ ಸಂದೇಶಗಳನ್ನು ಆಯಾ ಖಾನೆಯ ಕೆಳಗೇ ತೋರಿಸಬಹುದು. ಬರೀ ‘ರಿಕ್ವೆಸ್ಟ್’ ಇದ್ದರೆ ಕೋರಿಕೆ ಹೋಗಿದೆ, ಉತ್ತರ ಮಾತ್ರ ನಮ್ಮ ಕೈಗೆ ಬಂದಿಲ್ಲ. ಸಂಪರ್ಕ ಕಡಿದರೂ, ಬೇರೆ ಮೂಲದ ಸರ್ವರ್‌ನ ಉತ್ತರವನ್ನು ಪುಟ ಓದಬಹುದೇ ಎಂದು ನಿರ್ಧರಿಸುವ ಬ್ರೌಸರ್‌ನ ಕಾರ್ಸ್ ನಿಯಮ ಅದನ್ನು ತಡೆದರೂ ಕಾಣುವುದು ‘ನೆಟ್‌ವರ್ಕ್ ಎರರ್’ ಎಂಬ ಒಂದೇ ಮಾತು. ಈ ಎರಡರ ವ್ಯತ್ಯಾಸವನ್ನು ಬ್ರೌಸರ್ ಭದ್ರತೆಯ ದೃಷ್ಟಿಯಿಂದಲೇ ಸ್ಕ್ರಿಪ್ಟ್‌ಗೆ ಬಿಟ್ಟುಕೊಡುವುದಿಲ್ಲವಾದ್ದರಿಂದ ಇದು ಲೈಬ್ರರಿಯ ಕೊರತೆಯಲ್ಲ.

ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಇಂಟರ್‌ಸೆಪ್ಟರ್, ಅಂದರೆ ಪ್ರತಿ ಕೋರಿಕೆ ಮತ್ತು ಉತ್ತರವನ್ನು ನಡುವೆಯೇ ಹಿಡಿದು ಓಡುವ ನಮ್ಮ ಕೋಡ್. ಬೇಸ್ ಯುಆರ್‌ಎಲ್ (ಸರ್ವರ್‌ನ ಮೂಲ ವಿಳಾಸ) ಕೊಟ್ಟು ಆಕ್ಸಿಯೋಸ್‌ನ ಒಂದು ಇನ್‌ಸ್ಟನ್ಸ್ (ನಮ್ಮ ಸೆಟ್ಟಿಂಗ್‌ಗಳಿರುವ ಪ್ರತಿ) ಮಾಡಿಟ್ಟುಕೊಂಡರೆ, ಹೊರಡುವ ಪ್ರತಿ ಕೋರಿಕೆಗೂ ಟೋಕನ್ (ಬಳಕೆದಾರರು ಲಾಗಿನ್ ಆಗಿದ್ದಾರೆ ಎಂಬ ಗುರುತು) ಅಂಟಿಸುವ ಕೆಲಸವನ್ನು ಒಂದೇ ಕಡೆ ಬರೆಯಬಹುದು. ಆದರೆ ಟೋಕನ್‌ನ ಅವಧಿ ಮುಗಿದಾಗ ಅದನ್ನು ನವೀಕರಿಸುವ ಕೋಡ್ ಕಾಣುವಷ್ಟು ಸುಲಭವಲ್ಲ. ಒಂದು ಪುಟ ತೆರೆದಾಗ ನಾಲ್ಕು ಕೋರಿಕೆಗಳು ಒಟ್ಟಿಗೆ ಹೊರಟು ನಾಲ್ಕಕ್ಕೂ 401 (ಗುರುತು ಒಪ್ಪಿಗೆಯಾಗಲಿಲ್ಲ) ಬಂತು ಎಂದುಕೊಳ್ಳಿ. ನಾಲ್ಕೂ ತಮ್ಮ ಪಾಡಿಗೆ ಹೊಸ ಟೋಕನ್ ಕೇಳಲು ಹೋಗುತ್ತವೆ; ಹೊಸ ಟೋಕನ್ ಪಡೆಯಲು ತೋರಿಸುವ ರಿಫ್ರೆಶ್ ಟೋಕನ್ ಒಮ್ಮೆ ಮಾತ್ರ ಬಳಸುವಂಥದ್ದಾಗಿದ್ದರೆ ಮೊದಲನೆಯದು ಗೆದ್ದು ಉಳಿದ ಮೂರು ಸೋಲುತ್ತವೆ, ಏನೂ ತಪ್ಪು ಮಾಡದ ಬಳಕೆದಾರರು ಲಾಗಿನ್ ಪುಟಕ್ಕೆ ಬಂದು ಬೀಳುತ್ತಾರೆ. ಇದನ್ನು ತಪ್ಪಿಸಲು ನವೀಕರಣದ ಪ್ರಾಮಿಸ್ ಅನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು, ಆಮೇಲೆ ಬಂದವುಗಳೆಲ್ಲ ಅದಕ್ಕೇ ಕಾಯುವಂತೆ ಮಾಡಬೇಕು. ಅದು ಮುಗಿದ ಕೂಡಲೇ ಎರರ್‌ನಲ್ಲೇ ಇರುವ ಕಾನ್ಫಿಗ್ (ಆ ಕೋರಿಕೆಯ ಸೆಟ್ಟಿಂಗ್‌ಗಳು) ಬಳಸಿ ಮೂಲ ಕೋರಿಕೆಯನ್ನು ಮತ್ತೆ ಕಳುಹಿಸಬಹುದು. ನವೀಕರಣದ ಕೋರಿಕೆಯನ್ನು ಇಂಟರ್‌ಸೆಪ್ಟರ್ ಇಲ್ಲದ ಬೇರೆ ಇನ್‌ಸ್ಟನ್ಸ್‌ನಿಂದಲೇ ಕಳುಹಿಸಬೇಕು, ಇಲ್ಲದಿದ್ದರೆ ಅದಕ್ಕೇ 401 ಬಂದಾಗ ಕೋಡ್ ತನ್ನನ್ನೇ ಕಾಯುತ್ತಾ ನಿಂತುಬಿಡುತ್ತದೆ. ಇಪ್ಪತ್ತು ಮೂವತ್ತು ಸಾಲಿನ ಈ ಕೆಲಸವನ್ನು ಒಮ್ಮೆ ಸರಿಯಾಗಿ ಮಾಡಿದರೆ ಉಳಿದ ಪುಟಗಳಲ್ಲಿ ಟೋಕನ್ ಎಂಬ ಪದವೇ ಕಾಣಿಸಿಕೊಳ್ಳುವುದಿಲ್ಲ. ಇಂಟರ್‌ಸೆಪ್ಟರ್ ಒಂದಕ್ಕಿಂತ ಹೆಚ್ಚು ಇದ್ದಾಗ, ಕೋರಿಕೆಯ ಬದಿಯಲ್ಲಿ ಕೊನೆಗೆ ಸೇರಿಸಿದ್ದು ಮೊದಲು ಓಡುತ್ತದೆ ಎಂಬುದು ನೆನಪಿರಲಿ.

ಮೊದಲೇ ಕೊಟ್ಟಿರುವ ಕೆಲವು ಸೆಟ್ಟಿಂಗ್‌ಗಳ ಬಗ್ಗೆ ನನಗೆ ನಿಜವಾದ ತಕರಾರಿದೆ. ಟೈಮ್‌ಔಟ್‌ನ ಮೂಲ ಮೌಲ್ಯ 0, ಅಂದರೆ ಲೈಬ್ರರಿ ತಾನಾಗಿ ಎಂದಿಗೂ ಕೈಬಿಡುವುದಿಲ್ಲ. ಸರ್ವರ್ ಸುಮ್ಮನಾದರೆ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. ಇನ್‌ಸ್ಟನ್ಸ್ ಮಾಡುವಾಗಲೇ ನಾನು 10000 ಮಿಲಿಸೆಕೆಂಡ್ ಎಂದು ಬರೆದುಬಿಡುತ್ತೇನೆ. ಇದಕ್ಕಿಂತ ಗುಟ್ಟಾದ ತೊಡಕು ಜೇಸನ್‌ಗೆ, ಅಂದರೆ ಮಾಹಿತಿಯನ್ನು ಪಠ್ಯರೂಪದಲ್ಲಿ ಕಳುಹಿಸುವ ಮಾದರಿಗೆ, ಸಂಬಂಧಿಸಿದ್ದು. ಉತ್ತರ ಸರಿಯಾದ ಜೇಸನ್ ಅಲ್ಲದಿದ್ದರೆ ಆಕ್ಸಿಯೋಸ್ ದೂರು ಹೇಳದೆ ಅದನ್ನು ಪಠ್ಯವಾಗಿಯೇ ಒಪ್ಪಿಸಿಬಿಡುತ್ತದೆ. ವಿಳಾಸದಲ್ಲಿ ಒಂದಕ್ಷರ ತಪ್ಪಿದಾಗ ಎಷ್ಟೋ ಸರ್ವರ್‌ಗಳು ಮುಖಪುಟದ ಎಚ್‌ಟಿಎಂಎಲ್ ಅನ್ನೇ 200 ಸ್ಟೇಟಸ್‌ನೊಂದಿಗೆ ಕಳುಹಿಸುತ್ತವೆ. ಆಗ ಕ್ಯಾಚ್ ಓಡುವುದಿಲ್ಲ, ಪಟ್ಟಿ ಇರಬೇಕಾದಲ್ಲಿ ‘ಅನ್‌ಡಿಫೈನ್ಡ್’ (ಮೌಲ್ಯವೇ ಇಲ್ಲ) ಕಾಣುತ್ತದೆ, ದೋಷ ಎಲ್ಲಿದೆ ಎಂದು ಹುಡುಕುತ್ತಾ ಅರ್ಧ ದಿನ ಕಳೆಯುತ್ತದೆ. ಕಾನ್ಫಿಗ್‌ನ ಟ್ರಾನ್ಸಿಷನಲ್ ಭಾಗದಲ್ಲಿ ‘ಸೈಲೆಂಟ್ ಜೇಸನ್ ಪಾರ್ಸಿಂಗ್’ ಅನ್ನು ಫಾಲ್ಸ್ ಮಾಡಿ, ಜೊತೆಗೆ ರೆಸ್ಪಾನ್ಸ್ ಟೈಪ್ ಜೇಸನ್ ಎಂದೂ ಸ್ಪಷ್ಟವಾಗಿ ಬರೆದರೆ ಮಾತ್ರ ಎರರ್ ಏಳುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟರೂ ಪ್ರಯೋಜನವಿಲ್ಲ.

ಕೋರಿಕೆಯನ್ನು ರದ್ದುಮಾಡುವ ವಿಷಯ ಈಗ ನೇರವಾಗಿದೆ. ಹಳೆಯ ಕ್ಯಾನ್ಸಲ್ ಟೋಕನ್ ಪದ್ಧತಿಯನ್ನು ಹೊಸ ಕೋಡ್‌ನಲ್ಲಿ ಬಳಸಬಾರದು, 2021ರ 0.22 ಆವೃತ್ತಿಯಿಂದ ಬ್ರೌಸರ್‌ನ ಅಬಾರ್ಟ್ ಕಂಟ್ರೋಲರ್ ಇಲ್ಲಿಯೂ ನಡೆಯುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಹಿಂದಿನ ಅಕ್ಷರಗಳ ಉತ್ತರ ತಡವಾಗಿ ಬಂದು ಹೊಸ ಫಲಿತಾಂಶದ ಮೇಲೆ ಕೂರುವುದನ್ನು ಇದರಿಂದ ತಡೆಯಬಹುದು. ಆದರೆ ನಾವು ರದ್ದುಮಾಡಿದರೂ ಸರ್ವರ್ ಆ ಕೆಲಸವನ್ನು ಮುಗಿಸಿರಬಹುದು, ಹಾಗಾಗಿ ದಾಖಲೆ ಬದಲಾಯಿಸುವ ಕೋರಿಕೆಗಳಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಕಡತ ಕಳುಹಿಸುವಾಗ ಎಷ್ಟು ಭಾಗ ಹೋಯಿತು ಎಂದು ತೋರಿಸುವ ಸೌಲಭ್ಯ ಫೆಚ್‌ನಲ್ಲಿ ನೇರವಾಗಿ ಇಲ್ಲ, ಇಲ್ಲಿ ಇದೆ.

ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು (ಮಾಹಿತಿಯ ಬಗೆಗಳನ್ನು) ಸೇರಿಸಿದ ಟೈಪ್‌ಸ್ಕ್ರಿಪ್ಟ್ ಬಳಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಮಾಹಿತಿ ತರಿಸುವ ಗೆಟ್ ಕೋರಿಕೆಯ ಜೊತೆ ನಾವು ಬರೆಯುವ ಟೈಪ್ ಕಂಪೈಲರ್‌ಗೆ ಕೊಡುವ ಮಾತಷ್ಟೇ. ಬಂದ ಮಾಹಿತಿ ಹಾಗೇ ಇದೆಯೇ ಎಂದು ಆಕ್ಸಿಯೋಸ್ ಪರೀಕ್ಷಿಸುವುದಿಲ್ಲ, ಆ ಪರೀಕ್ಷೆಗೆ ಜಾಡ್‌ನಂಥ ಬೇರೆ ಲೈಬ್ರರಿ ಬೇಕು. ಬಂದ ಉತ್ತರವನ್ನು ಕ್ಯಾಶ್‌ನಲ್ಲಿಟ್ಟು ಮತ್ತೆ ಬಳಸುವುದೂ ಇದರ ಕೆಲಸವಲ್ಲ. ಅದಕ್ಕಾಗಿ ನಾನು ಟ್ಯಾನ್‌ಸ್ಟಾಕ್ ಕ್ವೆರಿ ಎಂಬ ಬೇರೆ ಲೈಬ್ರರಿಯನ್ನು ಮೇಲಿಟ್ಟು, ಕೆಳಗೆ ಕೋರಿಕೆ ಕಳುಹಿಸುವ ಹೊಣೆಯನ್ನು ಆಕ್ಸಿಯೋಸ್‌ಗೆ ಬಿಡುತ್ತೇನೆ. ಲಾಗಿನ್ ಇಲ್ಲದ, ಒಂದೆರಡು ಕೋರಿಕೆಗಳಷ್ಟೇ ಇರುವ ಪುಟವಾದರೆ ಆಕ್ಸಿಯೋಸ್ ಅನ್ನು ಸೇರಿಸುವುದಿಲ್ಲ. ಅಲ್ಲಿ ಫೆಚ್ ಮತ್ತು ಸ್ಟೇಟಸ್ ನೋಡುವ ಆ ಒಂದು ಸಾಲು ಸಾಕಾಗುತ್ತದೆ.