ಬ್ಯಾಕ್ಟೀರಿಯಾದ ಪೊರೆಯ ಬಾಗಿಲುಗಳನ್ನು ನೋಡಬೇಕಾ? ಪ್ರೋಟೀನ್ ಡೇಟಾ ಬ್ಯಾಂಕ್‌ಗೆ ಹೋಗಿ

ಪಿಯುಸಿ, ಬಿಎಸ್ಸಿ ಪುಸ್ತಕಗಳಲ್ಲಿ ಜೀವಕೋಶದ ಪೊರೆ ಅಂದ್ರೆ ಎರಡು ಸಾಲು ಗುಂಡು, ಗುಂಡಿಗೆ ಬಾಲ, ನಡುವೆ ಒಂದು ಕೊಳವೆ, ಕೊಳವೆಯೊಳಗೆ ಒಂದು ಬಾಣ. ಬ್ಯಾಕ್ಟೀರಿಯಾ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವುದು ಹೀಗೆ ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆ ಕೊಳವೆ ನಿಜಕ್ಕೂ ಹೇಗಿದೆ ಅಂತ ನೋಡುವ ಆಸೆ ಇದ್ದವರಿಗೆ ನಾನು ಹೇಳುವುದು ಒಂದೇ ವೆಬ್‌ಸೈಟ್: ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪ್ರೋಟೀನುಗಳ ಮೂರು ಆಯಾಮದ ರಚನೆಗಳ ಸಂಗ್ರಹ. ಅದರಲ್ಲೂ ಅಮೆರಿಕದ ಆರ್‌ಸಿಎಸ್‌ಬಿ ಅನ್ನುವ ಸಂಶೋಧನಾ ಒಕ್ಕೂಟದವರು ನಡೆಸುವ ತಾಣ. ಪಾಠ ಮಾಡುವಾಗ ನಾನು ಬಳಸುವುದು ಇದನ್ನೇ.

ಈ ಬ್ಯಾಂಕ್ 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಬರೀ 7 ಪ್ರೋಟೀನ್ ರಚನೆಗಳಿಂದ ಶುರುವಾಯಿತು. ಈಗ 2 ಲಕ್ಷ ದಾಟಿದೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬ್ರೌಸರ್‌ನಲ್ಲೇ ಮೋಲ್‌ಸ್ಟಾರ್ ಅನ್ನುವ ವ್ಯೂವರ್ ತೆರೆದುಕೊಳ್ಳುತ್ತದೆ, ಮೌಸ್ ಹಿಡಿದು ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು.

ಇಲ್ಲಿ ಪ್ರತಿ ರಚನೆಗೂ ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ ಒಂದು ನಂಬರ್ ಇರುತ್ತದೆ. ಮೊದಲು ಹುಡುಕಬೇಕಾದ ನಂಬರ್ 1ಪಿವಿ7 (1PV7). ಇದು ಇ. ಕೊಲೈ ಬ್ಯಾಕ್ಟೀರಿಯಾದ ಲ್ಯಾಕ್ಟೋಸ್ ಪರ್ಮಿಯೇಸ್, ಅಂದರೆ ಹಾಲಿನ ಸಕ್ಕರೆಯನ್ನು ಒಳಗೆ ತರುವ ಪ್ರೋಟೀನ್. ಇದರ ಹಿಂದಿನ ಕಥೆ ಗೊತ್ತಿದ್ದರೆ ಚಿತ್ರ ನೋಡುವ ಖುಷಿಯೇ ಬೇರೆ. ಲ್ಯಾಕ್ಟೋಸ್ ಒಡೆಯುವ ಕಿಣ್ವ ಇದ್ದರೂ ಲ್ಯಾಕ್ಟೋಸ್ ಬಳಸಲಾಗದ ಕೆಲವು ಬ್ಯಾಕ್ಟೀರಿಯಾಗಳಿದ್ದವು. ಹಾಗಾದರೆ ಒಳಗೆ ತರುವವರು ಬೇರೆ ಯಾರೋ ಇರಬೇಕು ಅಲ್ವಾ? 1956ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಜಾಕ್ ಮೊನೋ ಮತ್ತು ಜೊತೆಗಾರರು ಅಂಥದ್ದೊಂದು ಇದೆ ಅಂತ ಪ್ರಯೋಗದಿಂದ ತೋರಿಸಿದರು. 1963ರಲ್ಲಿ ಪೀಟರ್ ಮಿಚೆಲ್, ಸಕ್ಕರೆಯ ಜೊತೆ ಒಂದು ಪ್ರೋಟಾನ್ ಕೂಡ ಒಳಗೆ ಬರುತ್ತದೆ, ಹೊರಗೆ ಹೆಚ್ಚಾಗಿ ಕೂಡಿಟ್ಟ ಆ ಪ್ರೋಟಾನ್ ಒಳಗೆ ಇಳಿದು ಬರುವ ಬಲದಿಂದಲೇ ಸಕ್ಕರೆ ಒಳಗೆ ಬರುತ್ತದೆ ಅಂದರು. ಆದರೆ ಪ್ರೋಟೀನಿನ ರೂಪ ಕಾಣಿಸಿದ್ದು 2003ರಲ್ಲಿ, ರಾನ್ ಕಬ್ಯಾಕ್ ಮತ್ತು ಸೋ ಇವಾಟಾ ಅವರ ತಂಡಗಳಿಂದ. ಕಬ್ಯಾಕ್ ಅಂತೂ ಈ 417 ಅಮೈನೋ ಆಮ್ಲಗಳ ಒಂದೇ ಪ್ರೋಟೀನಿಗೆ ದಶಕಗಳನ್ನೇ ಕೊಟ್ಟವರು. ಅದರ ಒಂದೊಂದೇ ಕೊಂಡಿಯನ್ನು, ಅಂದರೆ ಅಮೈನೋ ಆಮ್ಲವನ್ನು, ಬದಲಾಯಿಸಿ ಏನಾಗುತ್ತದೆ ಅಂತ ನೋಡುತ್ತಾ ಹೋದರು. ಆ ಶ್ರಮ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಚಿತ್ರ ತೆರೆದ ಕೂಡಲೇ ಕಾಣುವುದು 12 ಸುರುಳಿಗಳು, ಆರಾರರ ಎರಡು ಗುಂಪು. ನಡುವೆ ಒಂದು ಗುಳಿ, ಅದರಲ್ಲಿ ಲ್ಯಾಕ್ಟೋಸ್‌ನಂಥದ್ದೇ ಒಂದು ಸಕ್ಕರೆ ಅಣು. ಈಗ ಪಕ್ಕಕ್ಕೆ ತಿರುಗಿಸಿ ನೋಡಿ. ಗುಳಿ ಕೋಶದ ಒಳಬದಿಗೆ ತೆರೆದಿದೆ, ಹೊರಬದಿಗೆ ಮುಚ್ಚಿದೆ. ಕೊಳವೆಯೇ ಅಲ್ಲ! ಆಮೇಲೆ 4ಒಎಎ (4OAA) ತೆರೆಯಿರಿ. ಅದೇ ಪ್ರೋಟೀನ್, ಎರಡು ಕೊಂಡಿ ಬದಲಿಸಿದ್ದು, ಈ ಸಲ ಗುಳಿ ಹೊರಬದಿಯ ಕಡೆ ಮುಖ ಮಾಡಿದೆ. ಎರಡೂ ಬಾಗಿಲು ಒಟ್ಟಿಗೆ ತೆರೆಯುವ ಹಾಗಿಲ್ಲ. ತೆರೆದರೆ ಪ್ರೋಟಾನ್‌ಗಳು ಸುಮ್ನೆ ಒಳಗೆ ಸೋರಿಹೋಗುತ್ತವೆ, ಬ್ಯಾಕ್ಟೀರಿಯಾ ಕಷ್ಟಪಟ್ಟು ಕೂಡಿಟ್ಟ ಶಕ್ತಿಯೇ ಖಾಲಿ. ಪುಸ್ತಕದ ಬಾಣದಲ್ಲಿ ಈ ವಿಷಯ ಬರುವುದೇ ಇಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ನಿಜವಾದ ಕೊಳವೆ ಬೇಕಾದರೆ 2ಒಎಂಎಫ್ (2OMF) ನೋಡಿ. ಇ. ಕೊಲೈಗೆ ಒಳಗೊಂದು, ಹೊರಗೊಂದು ಅಂತ ಎರಡು ಪೊರೆ. ಅದು ಹೊರಪೊರೆಯ ಪೋರಿನ್ ಅನ್ನುವ ಪ್ರೋಟೀನ್, ಮೂರು ಪೀಪಾಯಿಗಳನ್ನು ಅಂಟಿಸಿದ ಹಾಗಿದೆ. ಚಿಕ್ಕ ಅಣುಗಳು ತಾವಾಗಿಯೇ ನುಸುಳಿ ಬರುತ್ತವೆ, ಶಕ್ತಿಯ ಖರ್ಚಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು 2ಡಿಆರ್‌ಡಿ (2DRD). ಇದು ಎಸಿಆರ್‌ಬಿ ಪಂಪ್, ಜಪಾನಿನ ಮುರಕಾಮಿ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಒಂದೇ ಪ್ರೋಟೀನಿನ ಮೂರು ಪ್ರತಿ ಸೇರಿದ ಯಂತ್ರ, ಆದರೆ ಮೂರರ ಭಂಗಿಯೂ ಬೇರೆ ಬೇರೆ: ಒಂದು ಒಳಗೆ ಬಿಟ್ಟುಕೊಳ್ಳುತ್ತಿದೆ, ಒಂದು ಹಿಡಿದಿದೆ, ಒಂದು ಹೊರಗೆ ತಳ್ಳಿದೆ. ಹಿಡಿದಿರುವುದರಲ್ಲಿ ಮಾತ್ರ ಮಿನೋಸೈಕ್ಲಿನ್ ಕೂತಿದೆ. ಹೌದು, ಆಂಟಿಬಯೋಟಿಕ್! ನಾವು ನುಂಗಿದ ಔಷಧವನ್ನು ಬ್ಯಾಕ್ಟೀರಿಯಾ ಹಿಡಿದು, ಟಾಲ್‌ಸಿ ಅನ್ನುವ ಉದ್ದ ಕೊಳವೆಯ ಮೂಲಕ ಹೊರಪೊರೆಯಾಚೆಗೆ ಎಸೆಯುವುದು ಹೀಗೆ. ಕರುಳಿನಲ್ಲಿರುವ ಇ. ಕೊಲೈ ಪಿತ್ತದ ಲವಣಗಳಿಂದ ಬದುಕುಳಿಯುವುದಕ್ಕೂ ಇದೇ ಪಂಪ್ ಬೇಕು. ಔಷಧ ಕೆಲಸ ಮಾಡುತ್ತಿಲ್ಲ ಅಂತ ಕೇಳುತ್ತಲೇ ಇರುತ್ತೇವಲ್ಲ, ಅದಕ್ಕೆ ಇರುವ ಕಾರಣಗಳಲ್ಲಿ ಒಂದನ್ನು ಕಣ್ಣಾರೆ ನೋಡಬಹುದು.

ಕೊರತೆಗಳೂ ಇವೆ. ಇಂಥ ಬಹುತೇಕ ಚಿತ್ರಗಳಲ್ಲಿ ಪೊರೆಯೇ ಕಾಣುವುದಿಲ್ಲ, ಯಾಕೆಂದರೆ ರಚನೆ ಕಂಡುಹಿಡಿಯಲು ಪ್ರೋಟೀನಿನ ಹರಳು ಮಾಡುವ ಮೊದಲು ಪ್ರೋಟೀನನ್ನು ಡಿಟರ್ಜೆಂಟ್ ಹಾಕಿ ಪೊರೆಯಿಂದ ಬಿಡಿಸಿರುತ್ತಾರೆ. ಹೊಸಬರಿಗೆ ಒಳಗೆ ಯಾವುದು, ಹೊರಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಒಪಿಎಂ ತಾಣದಲ್ಲಿ ಅದೇ ನಂಬರ್ ಹಾಕಿದರೆ ಪೊರೆಯ ಎರಡು ಅಂಚುಗಳನ್ನು ತೋರಿಸುತ್ತಾರೆ, ಜೊತೆಗಿಟ್ಟುಕೊಳ್ಳಿ. ಎರಡನೆಯದು, ಒಂದು ಚಿತ್ರ ಅಂದರೆ ಒಂದೇ ಭಂಗಿ. ಚಲನೆಯನ್ನು ನಾವೇ ಊಹಿಸಿಕೊಳ್ಳಬೇಕು. 1ಪಿವಿ7ರ ಸ್ಪಷ್ಟತೆ 3.6 ಆಂಗ್‌ಸ್ಟ್ರಾಮ್ ಅಷ್ಟೇ (ಈ ಅಂಕಿ ದೊಡ್ಡದಾದಷ್ಟೂ ಚಿತ್ರ ಮಸುಕು), ಆದ್ದರಿಂದ ಪ್ರತಿಯೊಂದು ಪರಮಾಣುವಿನ ಜಾಗವನ್ನೂ ಕಣ್ಣುಮುಚ್ಚಿ ನಂಬಬೇಡಿ. ಇನ್ನು ಭಾಷೆ. ವಿವರಣೆಯೆಲ್ಲ ಇಂಗ್ಲಿಷ್, ಅದೂ ಪರಿಣತರ ಇಂಗ್ಲಿಷ್. ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕೇ ಬೇಕು. ಇದ್ದುದರಲ್ಲಿ ಸುಲಭ ಅಂದರೆ ಡೇವಿಡ್ ಗುಡ್‌ಸೆಲ್ ಅವರು 2000ದಲ್ಲಿ ಶುರುಮಾಡಿದ 'ತಿಂಗಳ ಅಣು' ಬರಹಗಳು. ಚಿತ್ರಗಳು ತುಂಬ ಚೆನ್ನಾಗಿವೆ.

ಪ್ರತಿ ಪುಟದ ಮೇಲ್ಭಾಗದಲ್ಲಿ ಗುಣಮಟ್ಟದ ಪಟ್ಟಿಯನ್ನು ಸಾಮಾನ್ಯವಾಗಿ ಕೊಟ್ಟಿರುತ್ತಾರೆ, ಅದನ್ನು ಬಿಡಬೇಡಿ. ಅಲ್ಲಿ ರಾಮಚಂದ್ರನ್ ಅನ್ನುವ ಹೆಸರಿದೆ. ಅವರು ನಮ್ಮ ಜಿ.ಎನ್. ರಾಮಚಂದ್ರನ್. ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಕೊಟ್ಟರು, ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಜಗತ್ತಿನ ಯಾವ ಮೂಲೆಯಿಂದ ಪ್ರೋಟೀನ್ ರಚನೆ ಬಂದರೂ ಅವರ ನಕ್ಷೆಯ ಪ್ರಕಾರ ಸರಿಯಿದೆಯಾ ಅಂತ ಪರೀಕ್ಷೆ ಆಗುತ್ತದೆ. ಇದನ್ನು ಮಕ್ಕಳಿಗೆ ತೋರಿಸುವಾಗ ನನಗೆ ತುಂಬ ಹೆಮ್ಮೆ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಸಾಧ್ಯವಾದರೆ ಫೋನಿಗಿಂತ ಕಂಪ್ಯೂಟರಿನಲ್ಲೇ ನೋಡಿ, ದೊಡ್ಡ ಯಂತ್ರಗಳನ್ನು ತಿರುಗಿಸಲು ದೊಡ್ಡ ಪರದೆಯೇ ಅನುಕೂಲ. ತರಗತಿಯಲ್ಲಿ ತೋರಿಸಿದರೆ ಮೊಸರಿನ ಬ್ಯಾಕ್ಟೀರಿಯಾನೂ ಲ್ಯಾಕ್ಟೋಸನ್ನು ಇ. ಕೊಲೈ ಹಾಗೇ ಒಳಗೆ ತರುತ್ತಾ ಅಂತ ಯಾರಾದರೂ ಕೇಳಬಹುದು, ಉತ್ತರ ಗೊತ್ತಿರಲಿ: ಡೈರಿಯ ಲ್ಯಾಕ್ಟೋಕಾಕಸ್ ಸಕ್ಕರೆಗೆ ಒಳಬರುವಾಗಲೇ ಫಾಸ್ಫೇಟ್ ಅಂಟಿಸುತ್ತದೆ, ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಗ್ಯಾಲಕ್ಟೋಸ್ ಹೊರಗೆ ಕೊಟ್ಟು ಲ್ಯಾಕ್ಟೋಸ್ ಒಳಗೆ ತಗೊಳ್ಳುತ್ತದೆ.