ಗ್ರೀನ್ ಕಾರ್ಡ್ ರಿನ್ಯೂವಲ್‌ಗೆ ಏಜೆನ್ಸಿ: ಐದಕ್ಕೆ ಒಂದೂವರೆ ಸ್ಟಾರ್
ಅಮ್ಮನ ಗ್ರೀನ್ ಕಾರ್ಡ್‌ಗೆ, ಅಂದರೆ ಅಮೆರಿಕಾದಲ್ಲಿ ಖಾಯಂ ಆಗಿ ಇರುವವರಿಗೆ ಕೊಡುವ ಕಾರ್ಡಿಗೆ, ಹತ್ತು ವರ್ಷ ತುಂಬುತ್ತಾ ಬಂದಿತ್ತು. ನನಗೆ ಆಫೀಸ್ ಕೆಲಸ ಜಾಸ್ತಿ, ಸುಮ್ನೆ ತಲೆನೋವು ಯಾಕೆ ಅಂತ ಇಲ್ಲೇ ನ್ಯೂಜೆರ್ಸಿಯಲ್ಲಿ ಫಾರಂ ತುಂಬಿಕೊಡುವ ಒಂದು ಏಜೆನ್ಸಿಗೆ ಕೊಟ್ಟೆ. ಹೆಸರು ಬೇಡ ಬಿಡಿ.

ತುಂಬಬೇಕಾದದ್ದು ಐ-90 ಅನ್ನೋ ಒಂದೇ ಫಾರಂ. 2024ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಸರ್ಕಾರದ ಫೀಸು ಆನ್‌ಲೈನಾದರೆ 415 ಡಾಲರ್, ಕಾಗದದಲ್ಲಾದರೆ 465. ಇವರು ಕೇಳದೆ ಕಾಗದದಲ್ಲೇ ಕಳಿಸಿದರು. 50 ಡಾಲರ್ ಅಲ್ಲೇ ಹೋಯಿತು, ಮೇಲೆ ಇವರ ಚಾರ್ಜ್ 150.

ದುಡ್ಡು ಹಾಳಾಗಲಿ, "ಕಾರ್ಡ್ ಮುಗಿದರೆ ಇಲ್ಲಿರೋ ಹಕ್ಕೂ ಮುಗೀತು ಆಂಟಿ" ಅಂತ ಅಮ್ಮನನ್ನು ಹೆದರಿಸಿದ್ದರು ನೋಡಿ, ಪಾಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅದು ಸುಳ್ಳು. ಮುಗಿಯುವುದು ಕಾರ್ಡಿನ ತಾರೀಖು ಮಾತ್ರ, ಖಾಯಂ ನಿವಾಸಿ ಅನ್ನೋದು ಹಾಗೇ ಇರುತ್ತದೆ. ಊರಿಗೆ ಹೋಗಿ ಬರಲು ತೊಂದರೆ ಆಗಬಹುದು, ಅದಕ್ಕೇ ರಿನ್ಯೂವಲ್ ಬೇಕು ಅಷ್ಟೆ.

ಇನ್ನೊಂದು ತಮಾಷೆ. ನಮ್ಮ ದೊಡ್ಡಪ್ಪನ 90ರ ದಶಕದ ಕಾರ್ಡ್ ಗುಲಾಬಿ ಬಣ್ಣದ್ದು, ಹಾಗಾದರೆ ಗ್ರೀನ್ ಅಂತ ಯಾಕೆ ಅಂತಾರೆ ಎಂದು ಅಮ್ಮ ಕೇಳಿದರೆ, "ಅಮೆರಿಕಾಗೆ ಗ್ರೀನ್ ಸಿಗ್ನಲ್ ಆಂಟಿ" ಅಂದನಂತೆ ಕೌಂಟರಿನ ಹುಡುಗ! ಎಲ್ಲಿಯ ಸಿಗ್ನಲ್ಲೋ. 1940ರ ಕಾನೂನಿನಲ್ಲಿ ಹೊರದೇಶದವರೆಲ್ಲ ಪೋಸ್ಟ್ ಆಫೀಸಿಗೆ ಹೋಗಿ ಹೆಸರು ಬರೆಸಬೇಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಖಾಯಂ ಆಗಿ ಬಂದವರಿಗೆ ಐ-151 ಅನ್ನೋ ಕಾರ್ಡ್ ಕೊಡತೊಡಗಿದರು, ಅದರ ಬಣ್ಣ ಹಸಿರು, ಜನ ಹಾಗೇ ಕರೆದರು. 1964ರಲ್ಲಿ ಅದು ತಿಳಿನೀಲಿ ಆಯಿತು. ಆಮೇಲೆ ಏನೇನೋ ಬಣ್ಣ ಬಂದು ಹೋದವು, ಕಾರ್ಡಿನ ನಂಬರೂ ಐ-551 ಆಯಿತು, ಆದರೆ ಜನರ ಬಾಯಲ್ಲಿ ಮಾತ್ರ ಹಸಿರೇ ಉಳಿಯಿತು. ಮತ್ತೆ ಹಸಿರು ಬಂದದ್ದು 2010ರಲ್ಲಿ. ಅಮ್ಮನದು ಆ ಕಾಲದ್ದು.

ಒಂದು ಸ್ಟಾರ್ ಫೋನ್ ಎತ್ತಿದ್ದಕ್ಕೆ, ಅರ್ಧ ಅಮ್ಮನಿಗೆ ಕಾಫಿ ಕೊಟ್ಟಿದ್ದಕ್ಕೆ. ಬರೀ ತಾರೀಖು ಮುಗಿದಿದ್ದರೆ ನೀವೇ ಆನ್‌ಲೈನಲ್ಲಿ ತುಂಬಿ. ಹಳೆ ಕೇಸು ಗೀಸು ಇದ್ದರೆ ವಕೀಲರ ಹತ್ತಿರ ಹೋಗಿ, ಇಂಥವರ ಹತ್ತಿರ ಅಲ್ಲ. ಫಾರಂ ತಲುಪಿತು ಅಂತ ಸರ್ಕಾರದಿಂದ ರಸೀದಿ ಪತ್ರ ಬಂದ ಮೇಲೆ ಅದನ್ನು ಹಳೆ ಕಾರ್ಡಿನ ಜೊತೆಗೇ ಇಡಿ, 2024ರ ಸೆಪ್ಟೆಂಬರ್‌ನಿಂದ ಆ ಪತ್ರ ಕಾರ್ಡಿನ ಅವಧಿಯನ್ನು 36 ತಿಂಗಳು ಮುಂದಕ್ಕೆ ಹಾಕುತ್ತದೆ. ಈ ಒಂದು ಮಾತು ಮಾತ್ರ ಏಜೆನ್ಸಿಯವರು ಹೇಳಲೇ ಇಲ್ಲ.