ಮೊದಲ ಚಾಕುವಿಗೆ ಯಾವ ಉಕ್ಕು: ಹಳೇ ಅರವೋ, ಕಮಾನ್ ಪಟ್ಟಿಯೋ, ಹ್ಯಾಕ್ಸಾ ಬ್ಲೇಡೋ?

ಮನೆಯಲ್ಲೇ ಅಡುಗೆ ಚಾಕು ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಗುಜರಿ ಅಂಗಡಿಗೆ ಹೋಗಿ, ಹಲ್ಲು ಸವೆದ 10 ಇಂಚಿನ ಚಪ್ಪಟೆ ಅರ ತನ್ನಿ. ಲಾರಿಯ ಕಮಾನ್ ಪಟ್ಟಿ, ವರ್ಕ್‌ಶಾಪಿನ ಪವರ್ ಹ್ಯಾಕ್ಸಾ ಬ್ಲೇಡು ಎರಡನ್ನೂ ಪಳಗಿಸಲು ನೋಡಿದ ಮೇಲೆ ಬಂದ ಮಾತಿದು. ಮೂರೂ ಗುಜರಿಯಲ್ಲಿ ಕಡಿಮೆಗೆ ಸಿಗುತ್ತವೆ. ನಿಜವಾಗಿ ಖರ್ಚಾಗುವುದು ಡಿಸ್ಕು, ಡ್ರಿಲ್ ಬಿಟ್ಟು ಮತ್ತು ನಿಮ್ಮ ಭಾನುವಾರಗಳು.

ನನ್ನ ಹತ್ತಿರ ಇರುವುದು 4 ಇಂಚಿನ ಆಂಗಲ್ ಗ್ರೈಂಡರ್, ಒಂದು ವೈಸು, ಕೇಕ್ ಮಾಡುವ ಓವನ್. ಕುಲುಮೆ ಇಲ್ಲ. ಬಾಡಿಗೆ ಮನೆಯ ತಾರಸಿಯಲ್ಲಿ ಇದ್ದಿಲು ಉರಿಸಿ ತಿದಿ ಒತ್ತುವ ಹಾಗೂ ಇಲ್ಲ.

ಕಮಾನ್ ಪಟ್ಟಿ ಸೋಲುವುದು ಇಲ್ಲಿಯೇ. ಉಕ್ಕೇನೋ ಒಳ್ಳೆಯದು, ಕಮ್ಮಾರರು ಕತ್ತಿ, ಮಚ್ಚು ಮಾಡಲು ಅದನ್ನೇ ಹುಡುಕುತ್ತಾರೆ. ಆದರೆ ದಪ್ಪ ಜಾಸ್ತಿ, ಬಾಗಿಯೂ ಇರುತ್ತದೆ. ಕಾಯಿಸಿ ಬಡಿದು ತೆಳ್ಳಗೆ ಮಾಡಬೇಕು, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಬೇಕು. ಲಾರಿಯ ಕೆಳಗೆ ವರ್ಷಗಟ್ಟಲೆ ದುಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ, ಅದು ಬಾಯಿ ಬಿಡುವುದೂ ಎಣ್ಣೆಗೆ ಇಳಿಸಿದಾಗಲೇ.

ಹ್ಯಾಕ್ಸಾ ಬ್ಲೇಡು ಮಾತ್ರ ತುಂಬಾ ಆಸೆ ಹುಟ್ಟಿಸಿತು. ಸುಮಾರು 2 ಮಿ.ಮೀ. ದಪ್ಪ, ನೆಟ್ಟಗಿದೆ, ಹದ ಮೊದಲೇ ಹಾಕಿದೆ. ಹೈಸ್ಪೀಡ್ ಸ್ಟೀಲ್ ಆದ್ದರಿಂದ ಗ್ರೈಂಡರಿನ ಬಿಸಿಗೆ ನೀಲಿ ತಿರುಗಿದರೂ ಗಡಸು ಹೋಗುವುದಿಲ್ಲ. ಆಕಾರ ಬೇಗ ಬಂತು. ಆಮೇಲೆ ಹಿಡಿ ಕೂರಿಸಲು ತೂತು ಬೇಕಾಯಿತು.

ಎಲ್ಲಾ ರಗಳೆ ಶುರುವಾಗಿದ್ದು ಆ ತೂತಿನಿಂದ. ನಾವು ಕೊಳ್ಳುವ ಮಾಮೂಲಿ ಡ್ರಿಲ್ ಬಿಟ್ಟೂ ಹೈಸ್ಪೀಡ್ ಸ್ಟೀಲು, ಬ್ಲೇಡೂ ಅದೇ. ಒಂದು ಇನ್ನೊಂದನ್ನು ಹೇಗೆ ಕೊರೆಯಬೇಕು? ಬಿಟ್ಟು ಕಿರುಚಿ ಮೊಂಡಾಗುತ್ತದೆ, ಬ್ಲೇಡಿನ ಮೇಲೆ ಹೊಳೆಯುವ ಚುಕ್ಕೆ ಬಿಟ್ಟರೆ ಬೇರೇನೂ ಆಗುವುದಿಲ್ಲ. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಗಾಳಿಗೆ ಆರಲು ಬಿಟ್ಟರೂ ಬಗ್ಗಲಿಲ್ಲ. ಸಾದಾ ಕಾರ್ಬನ್ ಉಕ್ಕು ಹಾಗೆ ಮಾಡಿದರೆ ಮೆತ್ತಗಾಗುತ್ತದೆ. ಇದು ಗಾಳಿಯಲ್ಲಿ ಆರಿದರೂ ಗಟ್ಟಿಯಾಗಿಯೇ ಉಳಿಯುವ ಜಾತಿ.

ಕೊನೆಗೆ ಗಾಜಿಗೆ ತೂತು ಹಾಕುವ ಕಾರ್ಬೈಡ್ ತುದಿಯ ಬಿಟ್ಟು ತಂದೆ. ಕೊರೆಯುತ್ತದೆ, ನಿಜ. ಆದರೆ ಆಚೆ ಬದಿಗೆ ದಾಟುವಾಗ ಸ್ವಲ್ಪ ಓರೆಯಾದರೂ ತುದಿಯ ಚಕ್ಕೆ ಹಾರುತ್ತದೆ. ತೂತಿನ ಸಹವಾಸವೇ ಬೇಡ ಅಂತ ಕಟಿಂಗ್ ಡಿಸ್ಕಿನಲ್ಲಿ ಅಂಚಿಗೆ ಕಚ್ಚು ಹಾಕಿ, ಅರಾಲ್ಡೈಟ್ ತುಂಬಿ ಹಿಡಿ ಅಂಟಿಸಿದೆ. ಇನ್ನೊಂದು ವಿಷಯ: ಬೈಮೆಟಲ್ ಬ್ಲೇಡಾದರೆ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಸ್ಟೀಲ್, ಬೆನ್ನು ಮೆದು. ಹಲ್ಲು ಉಜ್ಜಿ ತೆಗೆದರೆ ಒಳ್ಳೆಯ ಉಕ್ಕೂ ಅದರ ಜೊತೆಗೇ ಹೋಯಿತು. ಬಣ್ಣ ಬಳಿದ ಹಳೇ ಬ್ಲೇಡು ಯಾವ ಬಗೆಯದು ಅಂತ ನೋಡಿ ಹೇಳುವುದು ಕಷ್ಟ.

ಅರದಲ್ಲಿ ಈ ಕಾಟವೇ ಇಲ್ಲ. ಮರದ ಹಿಡಿಯೊಳಗೆ ಹೋಗುವ ಚೂಪು ಬಾಲ ಅದಕ್ಕೆ ಮೊದಲೇ ಇದೆ, ಮೆದುವಾಗಿಯೂ ಇದೆ. ಹಲಸಿನ ತುಂಡಿಗೆ ತೂತು ಕೊರೆದು, ಅರಾಲ್ಡೈಟ್ ಹಾಕಿ ಇಳಿಸಿದರೆ ಹಿಡಿಯ ಕೆಲಸ ಮುಗಿಯಿತು. ಒಳ್ಳೆಯ ಅರದಲ್ಲಿ ಕಾರ್ಬನ್ ಶೇ. 1ರ ಆಸುಪಾಸು ಇರುತ್ತದೆ, ಹಾಗಾಗಿ ಬಾಯಿ ಬಹಳ ದಿನ ಹರಿತವಾಗಿ ನಿಲ್ಲುತ್ತದೆ. ಹಾಗೇ ಬಳಸಿದರೆ ಮಾತ್ರ ಗಾಜಿನ ಹಾಗೆ ಮುರಿಯುತ್ತದೆ. ಅದಕ್ಕೇ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ 1 ಗಂಟೆಯಂತೆ 2 ಸಲ ಇಡಬೇಕು. ಉಜ್ಜಿ ಹೊಳಪು ಮಾಡಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಬಂತು. ಕುಲುಮೆಯೂ ಬೇಡ, ಎಣ್ಣೆಯೂ ಬೇಡ.

ತಾಳ್ಮೆ ಬೇಕು, ಅಷ್ಟೇ. ಗ್ರೈಂಡ್ ಮಾಡುವಾಗ ನೀಲಿ ತಿರುಗಿದರೆ ಆ ಜಾಗ ಮೆತ್ತಗಾಯಿತು ಅಂತಲೇ ಅರ್ಥ. ಕೆಲವೇ ಸೆಕೆಂಡು ಉಜ್ಜಿ ನೀರು ಚಿಮುಕಿಸಿ, ಮತ್ತೆ ಉಜ್ಜಿ. ಕೊನೆಯ ಹರಿತ ಸಾಣೆಕಲ್ಲಿನ ಮೇಲೆ ಕೈಯಲ್ಲೇ ಆಗಲಿ. ಅಂಚಿನ ಹತ್ತಿರ ಹಲ್ಲಿನ ಗೆರೆ ಪೂರ್ತಿ ಹೋಗಬೇಕು, ಬಿರುಕು ಹುಟ್ಟುವುದು ಅಲ್ಲಿಂದಲೇ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ.

ತುಕ್ಕು ಮೂರಕ್ಕೂ ಹಿಡಿಯುತ್ತದೆ. ತೊಳೆದ ತಕ್ಷಣ ಒರೆಸಿಡಿ.

ಊರಲ್ಲಿ ಪರಿಚಯದ ಕಮ್ಮಾರರಿದ್ದರೆ ಕಮಾನ್ ಪಟ್ಟಿ ಅವರ ಕೈಗೆ ಕೊಟ್ಟು ಕತ್ತಿ ಮಾಡಿಸಿ, ಅದಕ್ಕೆ ಅದೇ ಸರಿ. ತಾರಸಿಯಲ್ಲಿ ಒಬ್ಬರೇ ಮಾಡುವ ಚಾಕುವಿಗೆ ನನ್ನ ಮತ ಅರಕ್ಕೆ. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿಸಿ: ಗುಜರಿಯವರ ಗ್ರೈಂಡರಿನಲ್ಲೇ ಒಂದು ಮೂಲೆ ಸ್ವಲ್ಪ ಆಳಕ್ಕೆ ತೆಗೆಸಿ, ಅಲ್ಲಿ ಇನ್ನೊಂದು ಅರ ಆಡಿಸಿ ನೋಡಿ. ಜಾರಿದರೆ ಒಳಗೂ ಗಟ್ಟಿ ಇದೆ, ತನ್ನಿ. ಕಚ್ಚಿದರೆ ಅದು ಮೇಲ್ಪದರ ಮಾತ್ರ ಗಟ್ಟಿ ಇರುವ ಅಗ್ಗದ ಮಾಲು, ಅಲ್ಲೇ ಬಿಡಿ.